ತಾಯಿಗೆ ಕೊಟ್ಟ ಬಾಡಿಗೆ

ಹೋದ ವಾರ ನಮ್ಮ ನಾದಿನಿ ಬಂದಿದ್ದಳು. ಕೈಯಲ್ಲಿದ್ದ ಚೀಲ ಇಳಿಸುವ ಮೊದಲೇ, "ವೈನಿ, ಸಣ್ಣಾವಗ ಜ್ವರ ಬಂದು ದವಾಖಾನ್ಯಾಗ ಇದ್ವಿ. ಖರ್ಚಂತೂ ಕೇಳಬ್ಯಾಡ" ಎಂದಳು. "ಬಿಲ್ ಇಟ್ಟೀ ಇಲ್ಲ?" ಎಂದು ಯಾರೋ ಕೇಳಿದರು. ಕೇಳಿದ್ದು ನಾನೇ ಎಂದು ತಿಳಿಯಲು ನನಗೆ ಒಂದು ಗಳಿಗೆ ಬೇಕಾಯಿತು. ಹುಡುಗ ಈಗ ಹೇಗಿದ್ದಾನೆ ಎಂಬ ಮಾತು ಬರಬೇಕಾದ ಜಾಗದಲ್ಲಿ ಬಿಲ್ಲು ಬಂದು ಕೂತುಬಿಟ್ಟಿತ್ತು. ನಾದಿನಿ ಚೀಲ ಎತ್ತಿಕೊಂಡು ಒಳಗೆ ಹೋದವಳು ಊಟದ ಹೊತ್ತಿನವರೆಗೆ ನನ್ನೊಡನೆ ಮಾತಾಡಲಿಲ್ಲ.

ನನ್ನ ಯಜಮಾನರು ಬಸ್ ಕಂಡಕ್ಟರ್. ಊಟಕ್ಕೆ ಕೂತಾಗ ಈ ಸುದ್ದಿ ಅವರಿಗೆ ಮುಟ್ಟಿತು. ತಂಗಿಯ ಕಡೆ ತಿರುಗಿ, "ನೋಡವಾ, ನಾನೂ ಮುಂಜಾನಿಂದ ಸಂಜೀತನಾ ಮಂದೀನ್ನ ಟಿಕೀಟು ಕೇಳ್ತೀನಿ, ಯಾರೂ ಸಿಟ್ಟಾಗೂದಿಲ್ಲ. ನಿಮ್ಮ ವೈನಿ ಕೇಳಿದ್ರ ಮಾತ್ರ ಮಂದಿ ಉರಕೊಂಡು ಬೀಳ್ತಾರ. ಯಾಕ ಹೇಳು? ನಾ ಬಸ್ ಏರಿದವ್ರನ್ನ ಅಷ್ಟ ಕೇಳ್ತೀನಿ. ಈಕಿ ಮನ್ಯಾಗ ಕುಂತವ್ರನ್ನೂ ಬಿಡೂದಿಲ್ಲ" ಎಂದರು.

ನಾದಿನಿ ನಕ್ಕಳು, ರಾಜಿಯಾಯಿತು. ನಾನೂ ನಕ್ಕೆ. ಆದರೆ ಅವರ ಕಡೆಯ ಮಾತು ನನ್ನನ್ನು ಬಿಡಲಿಲ್ಲ. ಮನೆಯಲ್ಲಿ ಕೂತಿದ್ದ ಒಬ್ಬರನ್ನು ನಾನು ಈ ವರ್ಷ ಒಂದು ಪ್ರಶ್ನೆ ಕೇಳಿದ್ದೇನೆ. ಅದರಿಂದ ಏನಾಯಿತು ಎಂಬುದು ಯಜಮಾನರಿಗೆ ಪೂರ್ತಿ ಗೊತ್ತಿಲ್ಲ. ನಿಮಗೆ ಹೇಳುತ್ತೇನೆ. ಹೇಳಲು ಆ ಮನೆಯವರ ಒಪ್ಪಿಗೆ ಕೇಳಿದ್ದೇನೆ. "ಹೆಸರು ಬದಲಿ ಮಾಡಿ ಬರಿ" ಎಂದಿದ್ದಾರೆ, ಬದಲಿಸಿದ್ದೇನೆ. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಅವಸರದಲ್ಲಿ ಒಂದು ಮಾತು ಆಚೀಚೆ ಆದರೆ ಯಾರದೋ ತಪ್ಪು ಇನ್ಯಾರದೋ ತಲೆಯ ಮೇಲೆ ಹೋಗಿ ಕೂರುತ್ತದೆ.

ಜನರ ಆದಾಯ ತೆರಿಗೆಯ ರಿಟರ್ನು ತುಂಬಿ ಕಳಿಸುವುದು ನನ್ನ ಕೆಲಸ. ಗಜೇಂದ್ರಗಡದ ಬಸ್ ನಿಲ್ದಾಣದ ಹತ್ತಿರ, ಒಂದು ಬಟ್ಟೆ ಅಂಗಡಿಯ ಮೇಲಿನ ಕೋಣೆ ನನ್ನ ಆಫೀಸು. ಮೆಟ್ಟಿಲು ಕಡಿದಾಗಿರುವುದರಿಂದ ಗೋಡೆಗೆ ಒಂದು ಹಗ್ಗ ಕಟ್ಟಿಸಿದ್ದೇನೆ. ಜನ ನನ್ನನ್ನು "ಟ್ಯಾಕ್ಸ್ ಅಕ್ಕಾರ" ಎನ್ನುತ್ತಾರೆ. ಕೆಲವರು ವಕೀಲಳೆಂದು ತಿಳಿದು ಹೊಲದ ಗಡಿ, ಬಾಂದಿನ ತಕರಾರನ್ನೂ ಹೊತ್ತುಕೊಂಡು ಹತ್ತುತ್ತಾರೆ. ಹತ್ತಿದ ದಣಿವಿಗೆ ಅವರಿಗೆ ನೀರು ಕೊಟ್ಟು, ಇಳಿಸಿ ಕಳಿಸುತ್ತೇನೆ.

ಇದು ಅಂಕಿಗಳ ಕೆಲಸ ಎಂದು ನೋಡಿದವರಿಗೆ ಅನ್ನಿಸುತ್ತದೆ. ಅಂಕಿಯನ್ನು ಕಂಪ್ಯೂಟರು ಕೂಡಿಸುತ್ತದೆ, ನಾನು ಚಹ ಕುಡಿಯುತ್ತಿದ್ದರೂ ಕೂಡಿಸುತ್ತದೆ. ಎದುರಿಗೆ ಕೂತವರು ಹೇಳಿದ್ದನ್ನು ನಂಬಬೇಕೋ ಬೇಡವೋ ಎಂಬುದೇ ನನಗೆ ಉಳಿದಿರುವ ಕೆಲಸ. ಒಂದು ಸಲ ಪೇಟೆಯ ವ್ಯಾಪಾರಿಯೊಬ್ಬರು ಬಂದು, ಸೂಡಿ ಹತ್ತಿರದ ತಮ್ಮ ಎರಿ ಹೊಲದಲ್ಲಿ ಒಣಮೆಣಸಿನಕಾಯಿ ಬೆಳೆದೆ ಎಂದು ದೊಡ್ಡದೊಂದು ಮೊತ್ತ ಹೇಳಿದರು. ಬೆಳೆಯ ಆದಾಯಕ್ಕೆ ತೆರಿಗೆ ಇಲ್ಲ ಎಂಬುದು ಅಂಗಡಿ ಇದ್ದವರಿಗೆಲ್ಲ ಗೊತ್ತಿರುವ ವಿಷಯ.

"ಸಾವ್ಕಾರ್ರ, ಮಾರಿದ್ದರ ಪಟ್ಟಿ ಐತೇನ್ರಿ?"

"ಪಟ್ಟಿ ಎಲ್ಲಿದು ತಂಗಿ."

"ಬೀಜ, ಗೊಬ್ಬರ ತಂದಿದ್ದರ ಪಾವತಿ?"

"ಅದೂ ಇಲ್ಲ."

"ಮತ್ತೇನೈತ್ರಿ?"

"ಹೊಲ ಐತಲ್ಲ!"

"ಆ ಹೊಲದಾಗ ಅಷ್ಟು ಮೆಣಸಿನಕಾಯಿ ಬೆಳೆದಿದ್ರ ಸೂಡಿ ಊರಿಗೆ ಊರ ಸೀನಬೇಕಾಗಿತ್ತಲ್ರಿ."

ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಕಣ್ಣೊರೆಸಿಕೊಂಡು, "ಆತು ಬಿಡು, ಸೀನು ಬರಲಾರದಷ್ಟು ಬರಿ" ಎಂದರು. ಅಂಥವರ ಜೊತೆ ಕೆಲಸ ಮಾಡುವುದು ಸುಲಭ. ಕಷ್ಟ ಇರುವುದು ನಗದೆ ಇರುವವರ ಹತ್ತಿರ, ತಾವು ಹೇಳಿದ್ದು ಸತ್ಯ ಎಂದು ತಾವೇ ನಂಬಿರುವವರ ಹತ್ತಿರ.

ಈಗೀಗ ಅರ್ಧ ಕೆಲಸವನ್ನು ಸರ್ಕಾರದ ಪೋರ್ಟಲ್ಲೇ ಮಾಡುತ್ತದೆ. ಬ್ಯಾಂಕಿನ ಬಡ್ಡಿ, ಮಾರಿದ ಜಾಗ, ಕೊಂಡ ಷೇರು, ಎಲ್ಲದರ ಸುದ್ದಿ ಅದಕ್ಕೆ ಮೊದಲೇ ಮುಟ್ಟಿರುತ್ತದೆ. ನಾನು ಪರದೆಯ ಮೇಲಿದ್ದ ಒಂದು ಠೇವಣಿಯ ಬಡ್ಡಿಯನ್ನು ಗಟ್ಟಿಯಾಗಿ ಓದಿದಾಗ ಒಬ್ಬರು ಕುರ್ಚಿಯಿಂದ ಅರ್ಧ ಎದ್ದು, "ಮೆಲ್ಲಕ ಅಕ್ಕಾರ, ಮೆಲ್ಲಕ! ಆ ಠೇವು ನಮ್ಮಕಿಗೂ ಗೊತ್ತಿಲ್ಲ" ಎಂದರು. ಆ ನಮ್ಮಕಿ, ಅಂದರೆ ಅವರ ಹೆಂಡತಿ, ಹೊರಗಿನ ಬೆಂಚಿನ ಮೇಲೆಯೇ ಕೂತಿದ್ದರು. ಪೋರ್ಟಲ್ಲಿಗೆ ಗೊತ್ತಾಗದ ಸಂಗತಿಗಳೂ ಇವೆ. ನಗದು ಕೊಟ್ಟ ದಾನ, ಮಕ್ಕಳ ಶಾಲೆಯ ಫೀ, ಮನೆಗೆ ಕೊಟ್ಟ ಬಾಡಿಗೆ. ಇವು ಜನರ ಬಾಯಿಂದಲೇ ಬರಬೇಕು, ಬಂದದ್ದನ್ನು ನಾನು ತೂಗಬೇಕು.

ತೂಗುವುದನ್ನು ನಾನು ಮೊದಲು ಕಂಡದ್ದು ತಕ್ಕಡಿ ಇಲ್ಲದ ಜಾಗದಲ್ಲಿ. ನಮ್ಮಪ್ಪ ಗಜೇಂದ್ರಗಡದಲ್ಲಿ ಸೀರೆ ನೇಯುತ್ತಿದ್ದ. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತರೆ ಸಪ್ಪಳದ ಮೇಲೆ ಸಪ್ಪಳ ಏರಿಸಿ ಊರ ಸುದ್ದಿಯೆಲ್ಲ ಹೇಳುವ ಮನುಷ್ಯ. ಸೀರೆ ಇಳಿಸಿದ ದಿನ ಅದನ್ನು ಬಿಳಿ ಅರಿವೆಯಲ್ಲಿ ಸುತ್ತಿಕೊಂಡು ಸಾಹುಕಾರರ ಅಂಗಡಿಗೆ ಹೊರಟರೆ ನಾನೂ ಹಿಂದೆ ಹೋಗುತ್ತಿದ್ದೆ. ಅಲ್ಲಿ ಚಾಪೆಯ ಮೇಲೆ ಸೀರೆ ಬಿಚ್ಚಿಕೊಳ್ಳುತ್ತಿತ್ತು. ಸಾಹುಕಾರರು ಅಂಚಿನ ಮೇಲೆ ಹೆಬ್ಬೆರಳು ಆಡಿಸುತ್ತ, ಸೆರಗನ್ನು ಕಿಟಕಿಯ ಬೆಳಕಿಗೆ ಹಿಡಿಯುತ್ತ, ಒಂದು ಮಾತೂ ಆಡದೆ ನೋಡುತ್ತಿದ್ದರು. ಎಳೆ ತಪ್ಪಿದ ಕಡೆ ಬೈಯುತ್ತಿರಲಿಲ್ಲ, ಬೆರಳನ್ನು ಅಲ್ಲಿ ನಿಲ್ಲಿಸುತ್ತಿದ್ದರು, ಅಷ್ಟೇ. ಆ ಬೆರಳು ನಿಂತ ಕಡೆ ಅಪ್ಪನ ಉಸಿರೂ ನಿಲ್ಲುತ್ತಿತ್ತು. ಬೆರಳು ಎಲ್ಲಿಯೂ ನಿಲ್ಲದ ದಿನ ಹಾದಿಯಲ್ಲಿ ಮಿರ್ಚಿ ಭಜಿ ಕಟ್ಟಿಸಿಕೊಂಡು ಬರುತ್ತಿದ್ದೆವು. ಅವ್ವ ನಮ್ಮ ಮುಖ ನೋಡುತ್ತಿರಲಿಲ್ಲ. ಪೊಟ್ಟಣ ಇದೆಯೋ ಇಲ್ಲವೋ ನೋಡುತ್ತಿದ್ದಳು.

"ಆ ಸಾವ್ಕಾರ ಯಾಕಪಾ ಅಷ್ಟು ನೋಡ್ತಾರ?" ಎಂದು ಕೇಳಿದ್ದೆ.

"ನೋಡಿ ತಗೊಳ್ಳಾವ್ರು ಚಲೋ ಮಂದಿ. ನೋಡಲಾರದ ತಗೊಂಡವ್ರು ನಾಳೆ ನಾಕು ಮಂದ್ಯಾಗ ಬೈತಾರ" ಎಂದಿದ್ದ ಅಪ್ಪ. ಹಾಗೆ ಹೇಳುವಾಗಲೂ ಅವನ ದನಿಯಲ್ಲಿ ಧೈರ್ಯ ಕಡಿಮೆಯೇ ಇತ್ತು.

ಬಿ.ಕಾಂ. ಮುಗಿದ ಮೇಲೆ ರೋಣದಲ್ಲಿ ಒಬ್ಬ ಹಿರಿಯ ತೆರಿಗೆ ಸಲಹೆಗಾರರ ಕೈಕೆಳಗೆ ಕೆಲಸ ಕಲಿತೆ. ಅವರನ್ನು ಎಲ್ಲರೂ ಕಾಕಾ ಎನ್ನುತ್ತಿದ್ದರು. ಯಾರಾದರೂ ವರ್ಷದ ಬಾಡಿಗೆಯ ಪಾವತಿಗಳನ್ನು, ಅಂದರೆ ರಸೀದಿಗಳನ್ನು, ತಂದರೆ ಕಾಕಾ ಮೊತ್ತವನ್ನು ಓದುತ್ತಿರಲಿಲ್ಲ. ಎಲ್ಲವನ್ನೂ ಮೇಜಿನ ಮೇಲೆ ಒಂದರ ಮಗ್ಗುಲಿಗೆ ಒಂದು ಹರವಿ, ಅವುಗಳ ಮೇಲೆ ಅಂಟಿಸಿದ ರೆವಿನ್ಯೂ ಸ್ಟಾಂಪುಗಳ ಅಂಚಿನ ಹಲ್ಲುಗಳನ್ನು ನೋಡುತ್ತಿದ್ದರು. ಒಂದರ ಹಲ್ಲು ಇನ್ನೊಂದರ ಸಂದಿಗೆ ಸರಿಯಾಗಿ ಕೂತರೆ ನನ್ನನ್ನು ಕರೆದು ತೋರಿಸುತ್ತಿದ್ದರು. "ನೋಡಿಲ್ಲೆ, ಯುಗಾದಿದು, ದೀಪಾವಳಿದು ಒಂದ ಹಾಳ್ಯಾಗಿಂದ ಹರದಾರ. ವರ್ಷದ ಬಾಡಗಿ ಒಂದ ಮಧ್ಯಾಹ್ನ ಕೊಟ್ಟು ಕೈ ತೊಳಕೊಂಡಾರ!" ಅವರು ನನಗೆ ಕಲಿಸಿದ ದೊಡ್ಡ ಪಾಠ ಇನ್ನೊಂದು. "ಕೊಟ್ಟೆ ಅಂದವನ್ನ ನಂಬಬ್ಯಾಡ, ಬೈಬ್ಯಾಡ. ತಗೊಂಡೆ ಅನ್ನಾವ್ರನ್ನ ಹುಡುಕು. ಅವರ ಬಾಯಿಂದ ಆ ಶಬ್ದಾನ ಬರಬೇಕು."

ಆ ಶಬ್ದವೇ ಬರಬೇಕು. ಈ ಪಾಠವನ್ನು ನಾನು ಇಷ್ಟು ಗಟ್ಟಿಯಾಗಿ ಹಿಡಿದುಕೊಂಡದ್ದಕ್ಕೆ ಒಂದು ಕಾರಣವಿದೆ. ಈಚೆಗೆ ನರಗುಂದದ ಕಡೆ ಯಾರೋ ಒಬ್ಬ ಏಜೆಂಟ್, ಕಟ್ಟಿದ ತೆರಿಗೆಯನ್ನೆಲ್ಲ ವಾಪಸು ಕೊಡಿಸುತ್ತೇನೆ ಎಂದು ನೌಕರಿ ಇದ್ದವರ ರಿಟರ್ನುಗಳನ್ನು ತುಂಬಿದ್ದನಂತೆ. ದುಡ್ಡು ವಾಪಸು ಬಂತು. ಜನ ಪೇಢೆ ಹಂಚಿದರು. ಆಮೇಲೆ ಒಬ್ಬೊಬ್ಬರ ಫೋನಿಗೆ ನೋಟೀಸು ಬರತೊಡಗಿತು. ಏಜೆಂಟನ ಬಾಗಿಲಿಗೆ ಕೀಲಿ. ಅವರಲ್ಲೊಬ್ಬ ತರುಣ ನನ್ನ ಮೆಟ್ಟಿಲು ಹತ್ತಿ ಬಂದು, ಕೂರಲೂ ಇಲ್ಲ, "ಅಕ್ಕಾರ, ನಾ ಅಂಗವಿಕಲ ಅಂತ ಬರದು ರಿಯಾಯ್ತಿ ತಗೊಂಡಾನ್ರಿ. ನಾ ದಿನಾ ಸಂಜಿಗೆ ಕಬಡ್ಡಿ ಆಡ್ತೀನಿ. ಇನ್ನ ಕಬಡ್ಡಿ ಆಡಲೊ ಬ್ಯಾಡೊ ಹೇಳ್ರಿ" ಎಂದ. ನಗಬೇಕು ಅನ್ನಿಸಿದರೂ ಅವನ ತುಟಿ ಒಣಗಿದ್ದು ಕಾಣಿಸಿ ನಗು ಬರಲಿಲ್ಲ. ಅಂದಿನಿಂದ ನನ್ನ ಫೋನು ಸಪ್ಪಳ ಮಾಡಿದರೆ ಎದೆ ಹಾರುತ್ತದೆ. ಹಾಲಿನವನ ಮೆಸೇಜಾದರೂ ಅಷ್ಟೇ.

ಇಂಥ ಸಮಯದಲ್ಲಿ, ಈ ವರ್ಷದ ಮಳೆಗಾಲದಲ್ಲಿ, ಶೇಖರಪ್ಪ ಮಾಸ್ತರರು ಬಂದರು. ನರೇಗಲ್ಲಿನವರು, ಈಗ ಅಲ್ಲಿಯ ಹೈಸ್ಕೂಲಿನಲ್ಲೇ ಗಣಿತ ಕಲಿಸುತ್ತಾರೆ. ಮೊದಲು ಗಜೇಂದ್ರಗಡದಲ್ಲಿದ್ದಾಗ ನನಗೂ ಕಲಿಸಿದವರು. ಉತ್ತರ ಸರಿ ಬಂದರೂ ನಡುವಿನ ಹೆಜ್ಜೆ ಬರೆಯದಿದ್ದರೆ ಅಂಕ ಕೊಡುತ್ತಿರಲಿಲ್ಲ. ಅವರು ಎದುರಿಗೆ ಕೂತಾಗ ಇಂದಿಗೂ ನನ್ನ ಬೆನ್ನು ತಾನಾಗಿ ನೆಟ್ಟಗಾಗುತ್ತದೆ.

ಪ್ರತಿ ವರ್ಷ ಅವರ ರಿಟರ್ನು ಸರಳವಾಗಿರುತ್ತಿತ್ತು. ಈ ಸಲ ಒಂದು ಲಕೋಟೆ ತೆಗೆದು ಮುಂದಿಟ್ಟರು. ಒಳಗೆ ಬಾಡಿಗೆಯ ಪಾವತಿಗಳಿದ್ದವು. ಬಾಡಿಗೆ ಪಡೆದವರ ಸಹಿ ಅವರ ತಾಯಿಯದು.

"ಸರ್, ನೀವು ಇರೂದು ಸ್ವಂತ ಮನಿ ಅಲ್ಲೇನ್ರಿ?"

"ನಂದಲ್ಲವಾ, ಅವ್ವಂದು. ಉತಾರದಾಗ ಅವ್ವನ ಹೆಸರೈತಿ."

"ಬಾಡಿಗಿ ಕೊಡ್ತೀರಿ?"

"ಪಗಾರ ಆದ ದಿನ ಅಕಿ ಕೈಯಾಗ ರೊಕ್ಕ ಇಡ್ತೀನಿ. ನೌಕರಿ ಹತ್ತಿದಾಗಿಂದ ಒಂದ ತಿಂಗಳೂ ತಪ್ಪಿಲ್ಲ. ತಾಯಿಗೆ ಕೊಟ್ರೂ ಬಾಡಿಗಿ ನಡೀತೈತಿ ಅಂತ ಸಾಲ್ಯಾಗ ಎಲ್ಲಾರೂ ಅಂದ್ರು."

ನಡೆಯುತ್ತದೆ, ಅದು ಸುಳ್ಳಲ್ಲ. ಮನೆ ತಾಯಿಯದಾಗಿದ್ದು, ಬಾಡಿಗೆಯನ್ನು ನಿಜವಾಗಿ ಕೊಟ್ಟಿದ್ದು, ತಾಯಿಯೂ ಅದನ್ನು ಬಾಡಿಗೆ ಎಂದೇ ಪಡೆದಿದ್ದರೆ ಹಳೆಯ ಪದ್ಧತಿಯಲ್ಲಿ ತೆರಿಗೆ ಕಟ್ಟುವವರಿಗೆ ರಿಯಾಯಿತಿ ಉಂಟು. ಹಾಗೆಂದು ಮನಸ್ಸಿಗೆ ಹೇಳಿಕೊಳ್ಳುತ್ತಿರುವಾಗಲೇ ನನ್ನ ಕೈ ಪಾವತಿಗಳನ್ನು ಮೇಜಿನ ಮೇಲೆ ಹರವತೊಡಗಿತ್ತು. ಸ್ಟಾಂಪಿನ ಹಲ್ಲುಗಳು ಒಂದಕ್ಕೊಂದು ಕೂಡಿದವು. ಮಾಸ್ತರರು ನನ್ನ ಕಣ್ಣು ಎಲ್ಲಿ ಹೋಯಿತು ಎಂದು ನೋಡಿದರು. ಪರೀಕ್ಷೆಯಲ್ಲಿ ನಕಲು ಹಿಡಿಯುವವರು, ಅವರಿಗೆ ತಿಳಿಯದೆ ಇರುತ್ತದೆಯೇ.

"ಸ್ಟಾಂಪ್ ಒಮ್ಮೆಲೆ ತಂದೆ, ಸಹಿ ಒಮ್ಮೆಲೆ ಮಾಡಸ್ಕೊಂಡೆ. ಅದು ಖರೇ" ಎಂದರು. ಅವರ ಕಿವಿ ಕೆಂಪಾಗಿತ್ತು. "ಆದ್ರ ಕೊಟ್ಟಿದ್ದು ತಿಂಗಳಾ ಕೊಟ್ಟೀನವಾ."

ಅವರು ಸುಳ್ಳು ಹೇಳುತ್ತಿರಲಿಲ್ಲ. ನನ್ನ ಭಯ ಬೇರೆ ಇತ್ತು. ಈ ರಿಯಾಯಿತಿ ಹಾಕಿ ಕಳಿಸಿ, ನಾಳೆ ಯಾರಾದರೂ ವಿಚಾರಿಸಿದರೆ, ಅವರು ಕೇಳುವುದು ಆ ಮುದುಕಿಯನ್ನು. ನಿಮ್ಮ ಮಗ ನಿಮಗೆ ಬಾಡಿಗೆ ಕೊಡುತ್ತಾನೆಯೇ ಎಂದು. ಗುರುತಿಲ್ಲದವರು ಕೇಳುವುದಕ್ಕಿಂತ ನಾನೇ ಒಮ್ಮೆ ಕೇಳಿ ಖಾತ್ರಿ ಮಾಡಿಕೊಳ್ಳುವುದು ಒಳ್ಳೆಯದು ಎನ್ನಿಸಿತು. ಹೇಳಿದೆ. ಮಾಸ್ತರರು ಪಾವತಿಗಳನ್ನು ಕೂಡಿಸಿ ಲಕೋಟೆಗೆ ಹಾಕಿ ನನ್ನ ಕಡೆ ಸರಿಸಿದರು.

"ಬಾ. ಆದ್ರ ಮೆತ್ತಗ ಕೇಳು. ಹಣ್ಣಾಗ್ಯಾಳ ಈಗ. ಅಕಿ ಮನಸಿಗೆ ಹತ್ತಬಾರದು."

ಹೀಗೆ ಒಂದು ರವಿವಾರ ನರೇಗಲ್ಲಿಗೆ ಹೋದೆ. ಮಾಸ್ತರರ ತಾಯಿ, ಹೆಸರು ಶಿವಗಂಗವ್ವ ಎಂದಿಟ್ಟುಕೊಳ್ಳಿ, ಪಡಸಾಲೆಯಲ್ಲಿ ಕಾಲು ಚಾಚಿಕೊಂಡು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು. ನನ್ನನ್ನು ಮಗ್ಗುಲಿಗೆ ಕೂರಿಸಿಕೊಂಡು, ಯಾರ ಮಗಳು ಎಂದು ಕೇಳಿ, ಮಗ್ಗದ ಮನೆಯವಳು ಎಂದು ತಿಳಿದ ಕೂಡಲೇ ನನ್ನ ಸೀರೆಯ ಅಂಚನ್ನು ಎರಡು ಬೆರಳಲ್ಲಿ ಹಿಡಿದರು.

"ಇದು ಕೈಮಗ್ಗದ್ದಲ್ಲ. ಮಷೀನಿಂದು."

"ಹೌದ್ರಿ ಅವ್ವಾ."

"ನೇಕಾರ್ರ ಮಗಳು ಮಷೀನ ಸೀರಿ ಉಟ್ಕೊಂಡು ಮಂದಿ ಮನಿಗೆ ಬರ್ತಾಳ! ನಿಮ್ಮಪ್ಪಗ ಹೇಳಬೇಕು ತಡಿ" ಎಂದು ಬೊಚ್ಚು ಬಾಯಲ್ಲಿ ನಕ್ಕರು. ತಪಾಸಣೆಗೆ ಹೋದವಳು ನಾನು, ಸಿಕ್ಕಿಬಿದ್ದವಳೂ ನಾನೇ. ಮಾಸ್ತರರೂ ನಕ್ಕರು. ನನ್ನ ಅಂಜಿಕೆ ಸ್ವಲ್ಪ ಇಳಿಯಿತು.

ಸೊಸೆ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ ಬಡಿಸಿದರು. ಊಟ ಮಾಡುತ್ತಿರುವಾಗ ಮುದುಕಿ ಯಾರೂ ಕೇಳದೆ ತಾವಾಗಿಯೇ ಮಗನ ಸುದ್ದಿ ತೆಗೆದರು. "ನನ್ನ ಮಗ ಪಗಾರ ಆದ ದಿನ ಚಪ್ಪಲಿ ಬಿಟ್ಟು ಒಳಗ ಬಂದವನ ಮೊದಲ ನನ್ನ ಮುಂದ ನಿಂದರ್ತಾನ. ನಾ ಹಿಂಗ ಕೈ ಚಾಚ್ತೀನಿ." ಎರಡೂ ಕೈಗಳನ್ನು ಬೊಗಸೆ ಮಾಡಿ ತೋರಿಸಿದರು. "ಅದರಾಗ ಇಡ್ತಾನ. ನಾ ಕಣ್ಣಿಗೊತ್ತಿ ದೇವರ ಜಗಲಿ ಮ್ಯಾಲ ಇಡ್ತೀನಿ. ಆಮ್ಯಾಲ ಸಂತಿಗೆ, ಸಾಲಿಗೆ, ಎದಕ್ಕ ಬೇಕೊ ಅದಕ್ಕ ಸೊಸಿ ತಗೋತಾಳ. ನಾ ಯಾಕ ಕೇಳ್ಲಿ? ನನಗ ಅವನ ಕೈ ಮುಟ್ಟಿದ್ರ ಸಾಕು."

ನನಗೆ ಬೇಕಾದ ಉತ್ತರ ಅಲ್ಲಿಗೆ ಸಿಕ್ಕಿತ್ತು. ಅದು ಮನೆ ನಡೆಸುವ ದುಡ್ಡು. ಬಾಡಿಗೆಯಲ್ಲ. ನಾನು ಕೈ ತೊಳೆದು ಎದ್ದು ಬರಬಹುದಾಗಿತ್ತು. ಆದರೆ ಉತ್ತರ ಸಿಕ್ಕಿತು ಎಂದು ನನ್ನೊಳಗಿನ ಒಂದು ಭಾಗ ಒಪ್ಪಲಿಲ್ಲ. ಬಹುಶಃ ಆಕೆಯ ಮನಸ್ಸಿನಲ್ಲಿ ಮನೆಯ ಹಕ್ಕಿನ ಲೆಕ್ಕವೂ ಇದ್ದೀತು, ಕೇಳದೆ ಬಿಟ್ಟರೆ ಮಾಸ್ತರರಿಗೆ ಅನ್ಯಾಯವಾದೀತು, ಎಂದು ಅದು ಹೇಳಿತು. ಆ ಶಬ್ದವೇ ಬರಬೇಕಲ್ಲ.

"ಅವ್ವಾ," ಎಂದೆ, ಆದಷ್ಟು ಮೆತ್ತಗೆ, "ಅದು ಈ ಮನಿ ಬಾಡಿಗೀನೇನ್ರಿ?"

ಮುದುಕಿಯ ಕೈ ಮಡಿಲಿಗೆ ಇಳಿಯಿತು.

"ಏನಂದಿ?"

ಅವರು ಮಗನ ಕಡೆ ತಿರುಗಿದರು. "ಶೇಖರಾ, ಈಕಿ ಏನ ಕೇಳಾಕತ್ತಾಳ?"

"ಕಾಗದಕ್ಕಷ್ಟ ಅವ್ವಾ. ಟ್ಯಾಕ್ಸ್ ಕಡಿಮಿ ಆಗತೈತಿ ಅಂತ..."

"ಅವತ್ತ ಸಹಿ ಮಾಡಿಸಿದ್ದು ಇದಕ್ಕೇನು?"

ಮಾಸ್ತರರು ತಾಟು ಬಿಟ್ಟು ಎದ್ದರು. ಒಳಗೆ ಸೊಸೆ ರೊಟ್ಟಿ ತಟ್ಟುವುದನ್ನು ನಿಲ್ಲಿಸಿದರು. ಮುದುಕಿ ನನ್ನ ಕಡೆ ತಿರುಗಿದಾಗ ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಹಗುರಾಗುತ್ತಿತ್ತು.

"ತಂಗಿ, ಇದು ನನ್ನ ತವರಮನಿ. ಅಪ್ಪಗ ನಾ ಒಬ್ಬಾಕಿ. ಅದಕ್ಕ ಇವರಪ್ಪನ್ನ ಮನಿ ಅಳ್ಯಾ ಮಾಡ್ಕೊಂಡ್ರು. ಅವರು ಭಾಳ ದುಡದ್ರು, ಈ ಗ್ವಾಡಿ ಅವರ ಕಟ್ಟಿದ್ದು. ಆದ್ರ ಓಣ್ಯಾಗಿನ ಮಂದಿಗೆ ಅವರು ಕಡೀತನಾ ಹೆಂಡ್ತಿ ಮನ್ಯಾಗ ಇದ್ದಾವ್ರು. ಕಟ್ಟಿ ಮ್ಯಾಲ ಕುಂತಾಗ ಯಾರರ ಒಬ್ರು ಕೇಳೋರು, 'ಏನಪಾ ಅಳ್ಯಾ, ಈ ತಿಂಗಳ ಬಾಡಗಿ ಕೊಟ್ಟೀ ಇಲ್ಲ ಹೆಂಡ್ತಿಗೆ?' ಎಲ್ಲಾರೂ ನಗೋರು. ಇವರೂ ನಗೋರು. ಒಳಗ ಬಂದ ಮ್ಯಾಲ ಉಣ್ಣತಿದ್ದಿಲ್ಲ. ಅವರು ಹೋದ ದಿನ ನಾ ದೇವರ ಮುಂದ ಆಣಿ ಮಾಡೀನಿ. ನನ್ನ ಹೊಟ್ಟಿಲೆ ಹುಟ್ಟಿದವಗ ಈ ಮನ್ಯಾಗ ಆ ಶಬ್ದ ಬರಬಾರದು ಅಂತ."

ಮಾಸ್ತರರಿಗೂ ಇದು ಗೊತ್ತಿರಲಿಲ್ಲ. ಗೊತ್ತಿರಲಿಲ್ಲ ಎಂದು ಯಾರೂ ಹೇಳಬೇಕಾಗಿರಲಿಲ್ಲ, ಅವರು ಗೋಡೆ ಹಿಡಿದುಕೊಂಡು ನಿಂತದ್ದನ್ನು ನಾನು ನೋಡಿದೆ.

ಆಮೇಲೆ ಮುದುಕಿ ಕೇಳಿದರು, "ನಾ ಈಗ ಹೌದು ಅಂದ್ರ ನನ್ನ ಮಗಗ ಚಲೋ ಆಗತೈತೇನು?"

"ಖರೇ ಇದ್ದದ್ದು ಹೇಳ್ರಿ ಅವ್ವಾ" ಎಂದಷ್ಟೇ ಅಂದೆ.

"ಖರೇ ಅಂದ್ರ ಈ ಮನ್ಯಾಗ ಯಾರೂ ಬಾಡಗಿ ಕೊಟ್ಟಿಲ್ಲ. ನನ್ನ ಗಂಡನೂ ಕೊಟ್ಟಿಲ್ಲ, ಮಗನೂ ಕೊಟ್ಟಿಲ್ಲ. ಹಂಗ ಬರಕೊ."

ಪಾವತಿಗಳನ್ನು ಅಲ್ಲಿಯೇ ಮಾಸ್ತರರ ಕೈಗೆ ವಾಪಸು ಕೊಟ್ಟೆ. ಬಾಡಿಗೆಯ ರಿಯಾಯಿತಿ ಇಲ್ಲದೆ ರಿಟರ್ನು ಹೋಯಿತು. ಮಾಸ್ತರರು ಬಾಕಿ ತೆರಿಗೆ ಕಟ್ಟಿದರು. ಸರ್ಕಾರದಿಂದ ಎಲ್ಲ ಸರಿಯಿದೆ ಎಂಬ ಮೆಸೇಜೂ ಬಂತು. ನನ್ನ ಕೆಲಸದ ಮಟ್ಟಿಗೆ ಎಲ್ಲ ನೆಟ್ಟಗೆ ಮುಗಿದಿತ್ತು.

ಮುಂದಿನ ಪಗಾರದ ಮರುದಿನ ಮಾಸ್ತರರ ಫೋನು ಬಂತು. "ಸರೋಜಾ, ಅವ್ವ ಕೈ ಚಾಚಲಿಲ್ಲ."

ಎಂದಿನಂತೆ ಚಪ್ಪಲಿ ಬಿಟ್ಟು ಒಳಗೆ ಹೋಗಿ ತಾಯಿಯ ಮುಂದೆ ನಿಂತಿದ್ದರಂತೆ. ಶಿವಗಂಗವ್ವ ಸೆರಗಿನೊಳಗೆ ಕೈ ಇಟ್ಟುಕೊಂಡು, "ಸೊಸಿಗೆ ಕೊಡು" ಎಂದರಂತೆ. ಬೈಯಲಿಲ್ಲ, ಅಳಲಿಲ್ಲ. ಊಟ ಮಾಡಿದೆಯಾ ಎಂದು ಕೇಳಿದರು. ಮಗನ ಮೇಲೆ ಮುನಿಸಿಲ್ಲ ಎಂದು ಮಾಸ್ತರರೇ ಹೇಳಿದರು. ಅದರ ಮುಂದಿನ ತಿಂಗಳೂ ಹಾಗೆಯೇ ಆಯಿತು.

"ನಿನ್ನ ತಪ್ಪಿಲ್ಲವಾ. ಕಾಗದ ಮಾಡಿದಾವ ನಾನು" ಎಂದರು ಮಾಸ್ತರರು. ನನ್ನನ್ನು ಸಮಾಧಾನ ಮಾಡಲು ಹೇಳಿದ ಮಾತು ಎಂದು ಗೊತ್ತಾಯಿತು. ಅದು ಸತ್ಯವೂ ಇರಬಹುದು. ಯಾವುದು ಎಷ್ಟು ಪಾಲು ಎಂದು ನಾನು ಇನ್ನೂ ತೂಗುತ್ತಲೇ ಇದ್ದೇನೆ.

ದಸರೆಯ ನಂತರದ ಶೀಗಿ ಹುಣ್ಣಿಮೆ ಮುಗಿದ ಮೇಲೆ ಒಂದು ಮುಂಜಾನೆ ನನ್ನ ಮೆಟ್ಟಿಲ ಮೇಲೆ ಏದುಸಿರಿನ ಸಪ್ಪಳ ಕೇಳಿಸಿತು. ಹಗ್ಗ ಹಿಡಿದುಕೊಂಡು, ಒಂದೊಂದೇ ಮೆಟ್ಟಿಲಿಗೆ ನಿಂತು ಶಿವಗಂಗವ್ವ ಬರುತ್ತಿದ್ದರು. ನರೇಗಲ್ಲಿನಿಂದ ಒಬ್ಬರೇ ಬಸ್ಸಿಗೆ ಬಂದಿದ್ದರು. ನಾನು ಕೊಟ್ಟ ನೀರು ಕುಡಿದು, ಸುಧಾರಿಸಿಕೊಂಡು, "ತಂಗಿ, ನೀ ಸರಕಾರಕ್ಕ ಏನ ಬರದೀ ಅಂತ ನಾ ನೋಡಬೇಕು" ಎಂದರು.

ಒಬ್ಬರ ರಿಟರ್ನನ್ನು ಇನ್ನೊಬ್ಬರಿಗೆ ತೋರಿಸಬಾರದು, ತಾಯಿಯಾದರೂ. ಶಾಲೆಯಲ್ಲಿದ್ದ ಮಾಸ್ತರರಿಗೆ ಫೋನು ಮಾಡಿದೆ. ತಾಯಿ ಮನೆಯಲ್ಲಿಲ್ಲ ಎಂಬುದೇ ಅವರಿಗೆ ತಿಳಿದಿರಲಿಲ್ಲ. ಗಾಬರಿಯಾದರು, ಆಮೇಲೆ, "ತೋರಿಸವಾ, ಏನ ಕೇಳ್ತಾಳೊ ಎಲ್ಲಾ ತೋರಿಸು" ಎಂದರು. ತೆರೆದು, ಬಾಡಿಗೆಯ ಸಾಲು ಎಲ್ಲಿದೆ ಎಂದು ತೋರಿಸಿದೆ. ಅಲ್ಲಿ ಸೊನ್ನೆ ಇತ್ತು. ಮುದುಕಿ ಕನ್ನಡಕ ಸರಿ ಮಾಡಿಕೊಂಡು ಪರದೆಯ ಮೇಲೆ ಬೆರಳಿಟ್ಟರು.

"ಇದು ಸೊನ್ನಿ ಹೌದಿಲ್ಲೊ?"

"ಹೌದ್ರಿ."

"ಇದನ್ನ ಇನ್ನ ಯಾರೂ ತಿದ್ದಾಂಗಿಲ್ಲಲ್ಲ?"

ಯಾರೂ ತಿದ್ದುವುದಿಲ್ಲ ಎಂದು ಹೇಳಿದ್ದರೆ ಆಗುತ್ತಿತ್ತು. ಬೇರೆ ಯಾರಾದರೂ ಹಾಗೇ ಹೇಳುತ್ತಿದ್ದರು, ನೀವೂ ಹೇಳುತ್ತಿದ್ದಿರಿ. ನನ್ನ ಬಾಯಿಂದ ಬಂದದ್ದು ಕಾಯಿದೆ. "ಡಿಸೆಂಬರ್ ಮುಗಿಯೂತನಾ ತಿದ್ದಾಕ ಬರತೈತ್ರಿ ಅವ್ವಾ. ಅದು ದಾಟಿದ ಮ್ಯಾಲ ಬಾಡಿಗಿ ಹಾಕಾಕ ಬರೂದಿಲ್ಲ."

"ಯಾರು ತಿದ್ದಬಹುದು?"

"ನಿಮ್ಮ ಮಗ ಹೇಳಿದ್ರ ನಾ ತಿದ್ದಬಹುದು. ಸರ್ ಹೇಳೂದಿಲ್ಲರಿ. ಹೇಳಿದ್ರೂ ನಾ ತಿದ್ದೂದಿಲ್ಲ."

ಮುದುಕಿ ಪರದೆಯಿಂದ ಬೆರಳು ತೆಗೆದರು. "ಇಬ್ರೂ ಚಲೋ ಮಂದೀನ ಅದೀರಿ ತಂಗಿ. ಸಹಿ ಮಾಡಿಸ್ಕೊಂಡಾಗೂ ಅಂವಾ ಚಲೋ ಮಗನ ಇದ್ದ." ಆಮೇಲೆ ಸೆರಗು ಹೊದ್ದುಕೊಂಡು ಎದ್ದರು. "ಡಿಸೆಂಬರ್ ಮುಗೀಲಿ. ಖಾತ್ರಿ ಆದ ಮ್ಯಾಲ ಕೈ ಚಾಚ್ತೀನಿ."

ನಾನು ಬಸ್ಸಿನವರೆಗೆ ಹೋಗಿ ಹತ್ತಿಸಿ ಬಂದೆ. ಹಾದಿಯಲ್ಲಿ ಅವರು ಬಾಡಿಗೆಯ ಮಾತು ಎತ್ತಲಿಲ್ಲ. ಅಪ್ಪ ಈಗಲೂ ನೇಯುತ್ತಾನೇನು ಎಂದು ಕೇಳಿದರು. ಕಣ್ಣು ಕಾಣುವುದಿಲ್ಲ, ಬಿಟ್ಟಿದ್ದಾನೆ ಎಂದೆ.

ಇದನ್ನು ಬರೆಯುವಾಗ ಡಿಸೆಂಬರ್ ನಡೆದಿದೆ. ಈ ಸಲ ನಮ್ಮ ಕಡೆ ಥಂಡಿ ಜಾಸ್ತಿ. ಹಣ್ಣಾದ ಜೀವಗಳಿಗೆ ಇದು ಕೆಟ್ಟ ತಿಂಗಳು ಎಂದು ಎಲ್ಲರೂ ಅನ್ನುತ್ತಾರೆ, ಅಂದಾಗಲೆಲ್ಲ ನಾನು ಮಾತು ಬೇರೆ ಕಡೆ ತಿರುಗಿಸುತ್ತೇನೆ. ಮೊನ್ನೆ ಮಾಸ್ತರರ ಫೋನು ಬಂತು.

"ಸರೋಜಾ, ಈ ಡಿಸೆಂಬರ್ ಲಗೂ ಮುಗಿಸೂ ಉಪಾಯ ಏನರ ಐತೇನವಾ ನಿಮ್ಮ ಕಾಯಿದೇದಾಗ?"

"ಇಲ್ಲರಿ ಸರ್."

"ನನಗೂ ಗೊತ್ತು. ಸುಮ್ನ ಕೇಳಿದೆ."

"ಅವ್ವಾರು ಹ್ಯಾಂಗದಾರ್ರಿ?"

"ಕೆಮ್ಮು ಹಿಡಕೊಂಡೈತಿ. ಔಷಧಿ ತಗೋತಾಳ. ಆ ವಿಷಯ ಮಾತ್ರ ಮಾತಾಡೂದಿಲ್ಲ." ಎಂದರು ಮಾಸ್ತರರು. "ಆದ್ರ ದಿನಾ ಮುಂಜಾನಿ ಎದ್ದ ಕೂಡ್ಲೆ ನನ್ನ ಕರದು ಒಂದ ಕೇಳ್ತಾಳ."

"ಏನ್ರಿ?"

"ಇವತ್ತ ತಾರೀಖ ಎಷ್ಟು, ಅಂತ."